ಹತ್ತೊಂಬತ್ತು ಬಾಗಿಲು

ಫೆಬ್ರವರಿ 3

ಪ್ರೀತಿಯ ಅಕ್ಕಾ,

ಕೂತು ಓದು, ನಿಂತು ಓದಿದರೆ ಬಿದ್ದುಬಿಟ್ಟೀಯ. ನಿನ್ನ ತಮ್ಮ ಭಾನುವಾರ ಭಾಷಣ ಕೇಳುವುದಕ್ಕೆ ಹೋಗಿದ್ದ! ಹೌದು, ಹೆಡ್‌ಮಾಸ್ತರು ಬಾಯಿ ತೆರೆದರೆ ಸಾಕು ನಿದ್ದೆ ಹೊಡೆಯುತ್ತಿದ್ದನಲ್ಲ, ಅದೇ ತಮ್ಮ. ಗೂಡ್ಸ್ ಶೆಡ್ಡಿನ ಹಿಂದಿನ ಬಯಲಿನಲ್ಲಿ ಸೀಮೆ ಪಕ್ಷದ ಸಭೆ. ಕಳೆದ ವರ್ಷ ಇವರ ಸಭೆಯಲ್ಲಿ ಜನರಿಗಿಂತ ಕುರ್ಚಿಗಳೇ ಹೆಚ್ಚು ಅಂತ ಬರೆದಿದ್ದೆನಲ್ಲ? ಈ ಸಲ ಕುರ್ಚಿಯೇ ಇರಲಿಲ್ಲ, ಇಡುವುದಕ್ಕೆ ಜಾಗವೆಲ್ಲಿ! ನೂಕುನುಗ್ಗಲಿನಲ್ಲಿ ನನ್ನ ಎಡಗಾಲಿನ ಚಪ್ಪಲಿ ಹೋಯಿತು.

ಮಾತಾಡಿದವನು ಹಳೇ ಬಸ್ ಸ್ಟ್ಯಾಂಡಿನ ಟಯರ್ ಅಂಗಡಿಯವನು. ಈಗ ಅವನು ಎಲ್ಲರಿಗೂ ‘ಗಂಟಲಣ್ಣ’. ಮೈಕು ಕೆಟ್ಟು ಕೂತಿತು, ಆದರೂ ಕೊನೆಯ ಸಾಲಿನವರೆಗೂ ಕೇಳಿಸಿತು ಅಂದರೆ ನೋಡು! ‘ನಮ್ಮ ಸೀಮೆನೇ ನಮ್ಮ ದೇಶ! ನದಿನೇ ಗಡಿ! ಆಚೆಯವ್ರು ಬಂದ್ರು, ಕೆಲಸ ತಗೊಂಡ್ರು, ಮನೆ ತಗೊಂಡ್ರು, ನಾಳೆ ಉಸಿರಾಡೋ ಗಾಳಿನೂ ಕೇಳ್ತಾರೆ. ಕೊಡ್ತೀರಾ?’ ಅಂದ. ‘ಇಲ್ಲಾ!’ ಅಂತ ಬಯಲಿಗೆ ಬಯಲೇ ಕೂಗಿತು. ನಾನೂ ಕೂಗಿದೆ. ಯಾಕೆ ಅಂತ ಕೇಳಬೇಡ. ಒಂಬತ್ತು ವರ್ಷದಿಂದ ಬಾಗಿಲು ಬಾಗಿಲಲ್ಲಿ ನಿಂತು ‘ಪೋಸ್ಟ್’ ಅಂತ ಕೂಗಿದ್ದು ಬಿಟ್ಟರೆ ಈ ಗಂಟಲಿಗೆ ಬೇರೆ ಕೆಲಸವೇ ಇರಲಿಲ್ಲ. ಮೈಯೆಲ್ಲ ಜುಮ್ ಅಂದಿತು.

ಬೂದು ಬಣ್ಣದ ತೋಳುಪಟ್ಟಿ ಕೊಟ್ಟರು. ಅದನ್ನು ಕಟ್ಟಿಕೊಂಡೇ ನಿನ್ನ ಕಾಗದ ಕೊಡುವುದಕ್ಕೆ ನಿನ್ನ ಮಾವನ ಗಡಿಯಾರದ ಅಂಗಡಿಗೆ ಹೋದೆ. ಮಾವ ಮೇಲಿಂದ ಕೆಳಗಿನವರೆಗೂ ನೋಡಿ, ‘ಏನಪ್ಪಾ, ತೋಳಿಗೆ ಪೆಟ್ಟಾಯ್ತಾ?’ ಅಂದರು. ಪಕ್ಷದ ವಿಷಯ ಹೇಳಿದೆ. ‘ಓಹೋ, ಹೊಸ ದೇಶದ ಟೈಮು ಎಷ್ಟು ಮುಂದಿಡ್ಬೇಕು ಹೇಳಿಬಿಡು, ಈಗ್ಲೇ ಎಲ್ಲಾ ತಿರುಗಿಸಿಡ್ತೀನಿ’ ಅಂತ ನಕ್ಕರು. ನಲವತ್ತು ವರ್ಷದ ಹಿಂದೆ ನದಿ ದಾಟಿ ಬಂದ ಮನುಷ್ಯರೇ ನಗುತ್ತಾರೆ ಅಂದಮೇಲೆ ಇನ್ನೇನು! ಭಾವನಿಗೂ ಹೇಳು.

ನಿನ್ನ ಪಟಾಕಿ

ಫೆಬ್ರವರಿ 14

ಲೋ ಪಟಾಕಿ,

ನಿನಗೆ ಆ ಹೆಸರನ್ನು ಸುಮ್ಮನೆ ಇಡಲಿಲ್ಲ ನಾನು. ಯಾರಾದರೂ ಬತ್ತಿಗೆ ಬೆಂಕಿ ಮುಟ್ಟಿಸಿದರೆ ಸಾಕು, ಢಂ ಅನ್ನುವವನು. ಮೊದಲು ಚಪ್ಪಲಿ ತಗೋ, ಆಮೇಲೆ ದೇಶ ತಗೊಳ್ಳುವೆಯಂತೆ.

ಅಲ್ಲವೋ ಮಹಾರಾಯ, ನದಿ ಗಡಿಯಾದರೆ ನಾನು ಬೇರೆ ದೇಶದವಳಾದೆನಲ್ಲ? ನಿನ್ನ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿಯುವುದಕ್ಕೆ ಯಾವ ಆಫೀಸಿನಲ್ಲಿ ಮುದ್ರೆ ಒತ್ತಿಸಬೇಕು? ನಿನ್ನ ಭಾವ ಕಾಗದ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಟಯರ್ ಅಂಗಡಿಯವನು ದೇಶ ಕಟ್ತಾನೆ ಅಂದ್ರೆ ಗಾಳಿ ತುಂಬೇ ಕಟ್ಟೋದು’ ಅಂದರು. ಕೋಪ ಮಾಡಿಕೊಳ್ಳಬೇಡ.

ನನ್ನದೂ ಒಂದು ಸುದ್ದಿ ಕೇಳು. ಕನ್ನಡಕದ ಕಾರ್ಖಾನೆಯಲ್ಲಿ ಗಾಜಿಗೆ ಹೊಳಪು ಕೊಡುವ ವಿಭಾಗಕ್ಕೆ ನನ್ನನ್ನೇ ಮೇಲ್ವಿಚಾರಕಿ ಮಾಡಿದ್ದಾರೆ! ಹದಿನಾಲ್ಕು ಯಂತ್ರ, ಹದಿನಾಲ್ಕು ಹೆಂಗಸರು, ಎಲ್ಲರಿಗಿಂತ ದೊಡ್ಡ ಬಾಯಿ ನನ್ನದು. ಅದನ್ನೇ ನೋಡಿ ಕೊಟ್ಟಿರಬೇಕು. ನಾವಿಬ್ಬರೂ ಈ ವರ್ಷ ಕೂಗಿಕೊಂಡೇ ಮೇಲೆ ಬರುತ್ತೇವೆ ಅಂತ ಕಾಣುತ್ತದೆ.

ಮಾವನ ಮಂಡಿ ನೋವು ಹೇಗಿದೆ? ಕೇಳಿದರೆ ಅವರು ಹೇಳುವುದಿಲ್ಲ. ಮೆಟ್ಟಿಲು ಹತ್ತುವಾಗ ನೋಡಿ ಬರೆ.

ಅಕ್ಕ

ಏಪ್ರಿಲ್ 20

ಅಕ್ಕಾ, ಅಕ್ಕಾ, ಅಕ್ಕಾ!

ಗೆದ್ದುಬಿಟ್ಟೆವು! ಪುರಸಭೆಯ ಮೂವತ್ತೊಂದು ಸೀಟಿನಲ್ಲಿ ಇಪ್ಪತ್ಮೂರು ನಮ್ಮವು! ಭಾವನಿಗೆ ಹೇಳು, ಗಾಳಿ ತುಂಬಿದ ಟಯರೇ ಓಡುವುದು, ಬರೀ ನಗುವವರ ಟಯರಲ್ಲ!

ಎರಡು ತಿಂಗಳು ಕಾಗದ ಹಾಕಲಿಲ್ಲ ಅಂತ ಬೈಯಬೇಡ, ಉಸಿರಾಡುವುದಕ್ಕೂ ಪುರುಸೊತ್ತಿರಲಿಲ್ಲ. ಬೆಳಗ್ಗೆ ಟಪಾಲು ವಿಂಗಡಣೆ, ಆಮೇಲೆ ಮನೆಮನೆಗೆ ಹಂಚುವ ಬೀಟು, ಸಂಜೆ ಗೋಡೆ ಬರಹ. ಬಳಪದಿಂದ ಅಲ್ಲ, ಡಬ್ಬಿಗಟ್ಟಲೆ ಬಣ್ಣದಿಂದ! ಫಲಿತಾಂಶದ ದಿನ ಮೆರವಣಿಗೆ ನಮ್ಮ ಪೋಸ್ಟಾಫೀಸಿನ ಮುಂದೆಯೇ ಬಂತು. ನಮ್ಮ ಪೋಸ್ಟ್‌ಮಾಸ್ಟರಮ್ಮ ಕಿಟಕಿ ಹಾಕಿಕೊಂಡು, ‘ಕೆಲಸದ ಹೊತ್ತಲ್ಲಿ ಆ ಪಟ್ಟಿ ಬಿಚ್ಚಿಡಪ್ಪಾ, ಖಾಕಿ ಮೇಲೆ ಇನ್ನೊಂದು ಬಣ್ಣ ಬೇಡ’ ಅಂದರು. ಒಳಗಿದ್ದಷ್ಟು ಹೊತ್ತು ಜೇಬಿನಲ್ಲಿಟ್ಟೆ. ಮೆಟ್ಟಿಲಿಳಿದದ್ದೇ ಮತ್ತೆ ಕಟ್ಟಿದೆ. ಗಂಟಲಣ್ಣ ಜೀಪಿನ ಮೇಲಿಂದ ನನ್ನನ್ನು ನೋಡಿ, ‘ಏಯ್ ಪೋಸ್ಟಣ್ಣಾ, ಹತ್ತು ಮೇಲಕ್ಕೆ!’ ಅಂತ ಕೈ ಹಿಡಿದು ಎಳೆದುಕೊಂಡ. ಇಡೀ ಪೇಟೆ ಬೀದಿ ನನ್ನನ್ನು ನೋಡಿತು. ದಿನಾ ನೋಡುವ ಬೀದಿಯೇ, ಆದರೆ ಅದು ನನ್ನ ಕೈ ನೋಡುತ್ತಿತ್ತು, ಮುಖ ನೋಡಿದ್ದು ಅವತ್ತೇ ಮೊದಲು.

ಇನ್ನೊಂದು ವಿಷಯ, ಗುಟ್ಟು. ನನಗೊಂದು ದೊಡ್ಡ ಕೆಲಸ ಒಪ್ಪಿಸಿದ್ದಾರೆ. ಊರಿನಲ್ಲಿ ನಾನೊಬ್ಬನೇ ಮಾಡಬಲ್ಲ ಕೆಲಸ! ಈಗ ಬಾಯಿ ಬಿಡುವ ಹಾಗಿಲ್ಲ. ಸಂತೋಷಪಡು, ಅಷ್ಟೇ.

ಮಾವ ಮೆಟ್ಟಿಲನ್ನು ಒಂದೊಂದಾಗಿ, ಎರಡೂ ಕಾಲಿಟ್ಟು ಹತ್ತುತ್ತಾರೆ.

ನಿನ್ನ ಪಟಾಕಿ

ಏಪ್ರಿಲ್ 29

ನನ್ನ ಬಂಗಾರದ ತಮ್ಮಾ,

ಬಾಯಿ ಬಿಡುವ ಹಾಗಿಲ್ಲ ಅಂದರೆ ನನಗೆ ಗೊತ್ತಾಗುವುದಿಲ್ಲ ಅಂದುಕೊಂಡೆಯಾ? ಹೆಡ್ ಪೋಸ್ಟ್‌ಮನ್ ಮಾಡುತ್ತಿದ್ದಾರೆ ತಾನೇ? ನಾನೊಬ್ಬನೇ ಮಾಡಬಲ್ಲ ಅಂದರೆ ಇನ್ನೇನು! ಆ ಊರಿನ ಸಂದುಗೊಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊಳಪು ವಿಭಾಗದ ಹದಿನಾಲ್ಕು ಜನಕ್ಕೂ ಹೇಳಿಬಿಟ್ಟೆ. ಎಲ್ಲರೂ ಯಂತ್ರ ನಿಲ್ಲಿಸಿ ಚಪ್ಪಾಳೆ ಹೊಡೆದರು, ನನ್ನ ಮೇಲಿನವರು ಓಡಿ ಬಂದು ‘ಏನಾಯ್ತು, ಯಾರ ಬೆರಳು ಹೋಯ್ತು?’ ಅಂದರು. ಅಪ್ಪ ಅಮ್ಮ ಇದ್ದಿದ್ದರೆ ಕುಣಿಯುತ್ತಿದ್ದರು. ಅವರ ಪಾಲಿನದನ್ನೂ ನಾನೇ ಅಡುಗೆಮನೆಯಲ್ಲಿ ಕುಣಿದೆ.

ಒಂದು ಮಾತು. ಮಾವನನ್ನು ಒಂದು ತಿಂಗಳ ಮಟ್ಟಿಗೆ ಇಲ್ಲಿಗೆ ಕಳಿಸಿಕೊಡು. ಸುಮ್ಮನೆ. ನಿನ್ನ ಭಾವನಿಗೆ ಅಪ್ಪನನ್ನು ನೋಡಬೇಕು ಅನ್ನಿಸಿದೆ. ಇಲ್ಲಿನ ಪೇಪರಿನವರು ನಿಮ್ಮ ಸೀಮೆಯ ಬಗ್ಗೆ ಏನೇನೋ ಬರೆಯುತ್ತಾರೆ, ನಾನು ಓದುವುದಿಲ್ಲ. ಆದರೂ ಕಳಿಸು. ಮಂಡಿಗೆ ಇಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಅಂತ ಹೇಳು, ಬೇರೆ ಏನೂ ಹೇಳಬೇಡ.

ಅಕ್ಕ

ಜೂನ್ 12

ಅಕ್ಕಾ,

ಹೆಡ್ ಪೋಸ್ಟ್‌ಮನ್ ಅಂತೆ! ಓದಿ ನಗು ಬಂತು, ನಾಚಿಕೆಯೂ ಆಯಿತು, ಅದಕ್ಕೇ ಉತ್ತರ ತಡವಾಯಿತು. ಈಗ ಹೇಳಬಹುದು, ಎಲ್ಲ ಬಹಿರಂಗವಾಗಿದೆ.

ಗಂಟಲಣ್ಣನಿಗೆ ಊರಿನಲ್ಲಿ ಆಚೆಯವರು ಯಾರು ಯಾರು ಅಂತ ತಿಳಿಯಬೇಕಿತ್ತು. ನಲವತ್ತು ಐವತ್ತು ವರ್ಷದಿಂದ ಇದ್ದವರು, ಮಾತಿನಲ್ಲಿ ಬಟ್ಟೆಯಲ್ಲಿ ವ್ಯತ್ಯಾಸವೇ ಇಲ್ಲ, ಗುರುತು ಹಿಡಿಯುವುದು ಹೇಗೆ? ಅವನೇ ತಲೆ ಓಡಿಸಿದ. ‘ಯಾರ ಮನೆಗೆ ಆಚೆಯಿಂದ ಕಾಗದ ಬರುತ್ತೋ ಅವ್ರ ಬೇರು ಆಚೆಗಿದೆ. ಅದು ಗೊತ್ತಿರೋದು ಒಬ್ಬನಿಗೇ’ ಅಂತ ನನ್ನ ಹೆಗಲ ಮೇಲೆ ಕೈ ಹಾಕಿದ. ಅವರಿಗೆಲ್ಲ ಪಕ್ಷದಿಂದ ಒಂದು ಮನವಿ ಪತ್ರ ಕಳಿಸುತ್ತೇವೆ, ಸೀಮೆಗೆ ನಿಷ್ಠೆ ಬರೆದುಕೊಟ್ಟರೆ ಮುಗಿಯಿತು, ಅಂದ. ನಾನು ಒಂದೂ ಪುಸ್ತಕ ನೋಡದೆ, ಕಣ್ಣು ಮುಚ್ಚಿ ಬೀಟು ನಡೆದ ಹಾಗೆಯೇ ಬರೆದುಕೊಟ್ಟೆ. ಹತ್ತೊಂಬತ್ತು ಬಾಗಿಲು, ಒಂದೂ ತಪ್ಪಿಲ್ಲ! ಎಲ್ಲರೂ ಬೆರಗಾಗಿಬಿಟ್ಟರು. ‘ಇವನ ತಲೆನೇ ಒಂದು ಕಚೇರಿ’ ಅಂದರು.

ಮಾವನದು ಏಳನೆಯದು. ಬಿಡೋಣ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ನಡೆಯುವ ವರಸೆಯಲ್ಲಿ ಆರಾದ ಮೇಲೆ ಎಂಟು ಬರೆಯುವುದಕ್ಕೆ ಕೈ ಬರಲಿಲ್ಲ ಅಕ್ಕಾ. ಒಂದು ಬಾಗಿಲು ಹಾರಿಸಿ ನಡೆದರೆ ಮುಂದಿನದ್ದೆಲ್ಲ ಗೋಜಲಾಗುತ್ತದೆ, ಯಾವ ಪೋಸ್ಟ್‌ಮನ್‌ನನ್ನಾದರೂ ಕೇಳು. ಮನವಿ ಪತ್ರ ತಾನೇ, ಅಂತ ಬರೆದೆ.

ಮನವಿ ಪತ್ರ ಇನ್ನೂ ಬಂದಿಲ್ಲ. ಹೋದ ವಾರ ಆ ಹತ್ತೊಂಬತ್ತು ಬಾಗಿಲಿನ ಮೇಲೂ ಬೂದು ಬಣ್ಣದಲ್ಲಿ ನಂಬರು ಬರೆದರು, ನನ್ನ ಪಟ್ಟಿಯಲ್ಲಿದ್ದ ನಂಬರೇ. ಮಾವ ಪುರಸಭೆಯ ಹೊಸ ಮನೆ ನಂಬರು ಅಂದುಕೊಂಡು, ಬಣ್ಣ ಬಳಿಯುವವನಿಗೆ ಕುಡಿಯಲು ನೀರು ಕೊಟ್ಟು, ‘ಸ್ವಲ್ಪ ದುಂಡಗೆ ಬರಿಯಪ್ಪಾ, ಅಂಗಡಿ ಮುಂಭಾಗ’ ಅಂದರಂತೆ. ಮಂಡಿಯ ಡಾಕ್ಟರ ವಿಷಯ ಹೇಳಿದೆ, ಆಮೇಲೆ ನೋಡೋಣ ಅಂದರು.

ನೀನು ಊರು ನೆನೆದು ಬೇಸರಪಟ್ಟುಕೊಂಡು ಮಾವನನ್ನು ಕರೆಸುತ್ತಿದ್ದೀಯ, ನನಗೆ ಗೊತ್ತು. ಹೆದರಬೇಡ, ನಾನಿದ್ದೇನೆ. ಈಗ ನನ್ನ ಮಾತಿಗೆ ಬೆಲೆಯಿದೆ.

ಪಟಾಕಿ

ಜೂನ್ 18

ತಮ್ಮಾ,

ಊರು ನೆನೆದು ಬೇಸರವಂತೆ! ನಿನ್ನ ತಲೆ ಕಚೇರಿಯಾದದ್ದು ನಿಜ, ಒಳಗೆ ಯಾರೂ ಕೆಲಸಕ್ಕೆ ಬಂದಂತಿಲ್ಲ. ನಾನು ಪೇಪರು ಓದುವುದಿಲ್ಲ ಅಂದದ್ದು ಸುಳ್ಳು. ದಿನಾ ಓದುತ್ತೇನೆ, ಒಂದೊಂದು ಸಾಲೂ ಓದುತ್ತೇನೆ. ನಿಮ್ಮ ಪಕ್ಕದ ಊರಿನಲ್ಲೂ ಮೊದಲು ನಂಬರೇ ಬರೆದದ್ದು. ಆಮೇಲೆ ಏನಾಯಿತು ಅಂತ ನಿನ್ನ ಪಕ್ಷದವರು ನಿನಗೆ ಹೇಳಿಲ್ಲವಾ, ಅಥವಾ ಕೇಳಿಯೂ ಕಿವಿ ಮುಚ್ಚಿಕೊಂಡೆಯಾ?

ನಿನ್ನ ಪಟ್ಟಿಯಲ್ಲಿ ಒಂದು ತಪ್ಪೂ ಇಲ್ಲ ಅಂದೆಯಲ್ಲ, ಇದೆ. ಹದಿನೈದು ದಿನಕ್ಕೊಮ್ಮೆ ಆಚೆಯಿಂದ ಕಾಗದ ಬರುವ ಮನೆ ಇನ್ನೊಂದಿದೆ. ಎಂಟು ವರ್ಷದಿಂದ ತಪ್ಪದೆ ಬರುತ್ತಿದೆ. ಬರೆಯುತ್ತಿರುವವಳು ನಾನೇ. ಅದನ್ನು ಯಾಕಪ್ಪಾ ಬಿಟ್ಟೆ?

ಮಾವನನ್ನು ಕಳಿಸು. ಈ ವಾರವೇ. ನಿನ್ನ ಭಾವನಿಗೆ ಪಟ್ಟಿಯ ವಿಷಯ ಹೇಳಿಲ್ಲ. ಹೇಳಿದರೆ ಆ ಮನುಷ್ಯ ನದಿ ಈಜಿಕೊಂಡಾದರೂ ಬರುತ್ತಾರೆ, ಬಂದರೆ ವಾಪಸ್ ಬಿಡುವುದಿಲ್ಲ ಅಂತ ಕೇಳಿದ್ದೇನೆ.

ಅಕ್ಕ

ಜುಲೈ 1

ಉತ್ತರವಿಲ್ಲ. ಮಾವನಿಗೆ ರಿಜಿಸ್ಟರ್ ಮಾಡಿ ಕಳಿಸಿದ ಕಾಗದದ ಸಹಿ ಕಾರ್ಡು ಇವತ್ತು ವಾಪಸ್ ಬಂತು. ಹೆಸರು ಮಾವನದ್ದು, ಅಕ್ಷರ ನಿನ್ನದು. ಸ್ಲೇಟು ಹಿಡಿದ ದಿನದಿಂದ ನಿನ್ನ ಅಕ್ಷರ ತಿದ್ದಿದವಳು ನಾನು, ನನಗೆ ಗೊತ್ತಾಗುವುದಿಲ್ಲವಾ?

ಸೊಸೆ ಮಾವನಿಗೆ ಬರೆದ ಕಾಗದವನ್ನೂ ಅವರಿಗೆ ಒಪ್ಪಿಸಿಬಿಟ್ಟೆಯಾ? ಇಷ್ಟು ಇಳಿದೆಯಾ ನೀನು? ನನಗೆ ತಮ್ಮ ಒಬ್ಬನೇ ಕಣೋ. ಇದ್ದಾನೋ ಇಲ್ಲವೋ, ಅದನ್ನಾದರೂ ಬರೆ.

ಜುಲೈ 9, ಬೆಳಗ್ಗೆ ಐದೂವರೆ

ಅಕ್ಕಾ,

ಬೇಗ ಬೇಗ ಬರೆಯುತ್ತಿದ್ದೇನೆ, ಆರೂವರೆಗೆ ವ್ಯಾನು ಹೊರಡುತ್ತದೆ. ಈ ಕಾಗದ ಮಾವನ ಒಳಜೇಬಿನಲ್ಲೇ ಬರುತ್ತದೆ! ಹೌದು, ಮಾವ ಬರುತ್ತಿದ್ದಾರೆ! ಟಪಾಲು ವ್ಯಾನಿನಲ್ಲಿ, ಚೀಲಗಳ ನಡುವೆ!

ನಿನ್ನ ರಿಜಿಸ್ಟರ್ ಕಾಗದ ಯಾರಿಗೂ ಒಪ್ಪಿಸಲಿಲ್ಲ. ನಂಬರಿನ ಮನೆಗಳ ಕಾಗದವೆಲ್ಲ ಮೊದಲು ಪಕ್ಷದ ಕಚೇರಿಗೆ ಬರಬೇಕು ಅಂತ ಹೇಳಿದರು. ಅಲ್ಲಿಗೆ ಹೋಗಬಾರದು ಅಂತ ನಾನೇ ಸಹಿ ಹಾಕಿ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಬೇರೆಯವರ ಸಹಿ ಹಾಕಿದ್ದು. ನಿನಗೆ ಬರೆದರೆ ಆ ಕಾಗದವನ್ನೂ ಒಡೆಯುತ್ತಾರೆ ಅಂತ ಸುಮ್ಮನಿದ್ದೆ.

ಸೋಮವಾರ ಮಧ್ಯಾಹ್ನ ಪಕ್ಷದವರು ನಂಬರಿನ ಅಂಗಡಿಗಳಿಗೆ ನುಗ್ಗಿದರು. ಮಾವನ ಗಾಜಿನ ಕಪಾಟು ಪುಡಿಪುಡಿ. ಮಾವ ಮೂಲೆಯಲ್ಲಿ ನಿಂತು, ‘ನಿಧಾನಪ್ಪಾ, ಅದು ಬೇರೆಯವ್ರು ರಿಪೇರಿಗೆ ಕೊಟ್ಟಿರೋದು’ ಅನ್ನುತ್ತಿದ್ದರು. ಮುಂದೆ ಇದ್ದವನ ಕೈಯಲ್ಲಿ ಒಂದು ಹಾಳೆ ಇತ್ತು. ನನ್ನ ಕೈಬರಹ, ನಾನು ಬರೆದ ಹಾಳೆಯೇ! ನಾನು ಗಂಟಲಣ್ಣನ ಹತ್ತಿರ ಓಡಿದೆ. ‘ಅಣ್ಣಾ, ಅವ್ರು ನಮ್ಮಕ್ಕನ ಮಾವ’ ಅಂದೆ. ಅವನು ತಲೆಯೆತ್ತದೆ, ‘ಹಾಗಾದ್ರೆ ನಿಂಗೂ ಆಚೆ ಕಡೆ ನೆಂಟಸ್ತಿಕೆ ಇದೆ ಅನ್ನು’ ಅಂದ. ಅಷ್ಟೇ ಅಂದದ್ದು. ತಿಂಗಳ ಕೊನೆಯೊಳಗೆ ಹತ್ತೊಂಬತ್ತೂ ಮನೆ ಖಾಲಿಯಾಗಬೇಕಂತೆ, ಆದರೆ ಸೇತುವೆಯ ಮೇಲೆ ತೋಳುಪಟ್ಟಿಯವರು ನಿಂತು ಹೋಗುವವರ ಸಾಮಾನು ಕಿತ್ತುಕೊಂಡು ಹೊಡೆಯುತ್ತಿದ್ದಾರೆ. ನಡೆಸಿಕೊಂಡು ಹೋದರೆ ಮಾವನ ಮಂಡಿಗೆ ಓಡುವುದಕ್ಕೂ ಆಗುವುದಿಲ್ಲ.

ಟಪಾಲು ವ್ಯಾನಿನ ಅರಗಿನ ಮುದ್ರೆಯನ್ನು ಇನ್ನೂ ಯಾರೂ ಮುಟ್ಟಿಲ್ಲ. ಡ್ರೈವರ್ ದಪ್ಪಣ್ಣ ಒಪ್ಪಿದ. ಪೋಸ್ಟ್‌ಮಾಸ್ಟರಮ್ಮನಿಗೆ ಹೇಳದೆ ಆಗುವುದಿಲ್ಲ, ಮುದ್ರೆ ಒತ್ತುವವರು ಅವರೇ. ಹೇಳಿದೆ. ಕನ್ನಡಕ ಒರೆಸಿಕೊಂಡು, ‘ಇವತ್ತು ಚೀಲ ಭಾರ ಅಂತ ಕಾಣುತ್ತೆ’ ಅಂದು ಅರಗು ಕಾಯಿಸುವುದಕ್ಕೆ ಶುರುಮಾಡಿದರು!

ನನ್ನ ಮನೆ ಯಾಕೆ ಬರೆಯಲಿಲ್ಲ ಅಂತ ಕೇಳಿದೆಯಲ್ಲ, ನಿಜ ಹೇಳುತ್ತೇನೆ. ನನ್ನ ಕಾಗದ ನಾನು ವಿಂಗಡಿಸುವ ಮೇಜಿನಿಂದಲೇ ಎತ್ತಿಕೊಳ್ಳುತ್ತೇನೆ, ಅದು ಚೀಲಕ್ಕೇ ಹೋಗುವುದಿಲ್ಲ. ಹಾಗಾಗಿ ಬೀಟಿನಲ್ಲಿ ನನ್ನ ಬಾಗಿಲೇ ಇಲ್ಲ. ನೀನು ಕೇಳುವವರೆಗೂ ನನಗೆ ಹೊಳೆದೇ ಇರಲಿಲ್ಲ.

ಪಟ್ಟಿ ಬರೆದವನು ಯಾರು ಅಂತ ಮಾವನಿಗೆ ಗೊತ್ತಿಲ್ಲ. ಗೊತ್ತಾಗುವುದು ಬೇಡ ಅಕ್ಕಾ. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ತಮ್ಮ

ಜುಲೈ 16

ತಮ್ಮಾ,

ಬಂದರು! ಬಂದು ಮುಟ್ಟಿದರು! ಈ ಕಾಗದ ದಪ್ಪಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ, ಯಾರೂ ಒಡೆಯುವುದಿಲ್ಲ. ನಿನ್ನನ್ನು ಬೈದದ್ದನ್ನು, ಆ ರಿಜಿಸ್ಟರ್ ಕಾಗದದ ಬೈಗುಳವನ್ನಷ್ಟೇ, ವಾಪಸ್ ತೆಗೆದುಕೊಂಡಿದ್ದೇನೆ.

ನಿನಗೆ ಸೇತುವೆಯ ಕಥೆ ಗೊತ್ತಾ? ಮಾವ ನಿನಗೂ ಹೇಳದೆ ಕೋಟಿನೊಳಗೆ ಗಂಟೆ ಹೊಡೆಯುವ ಒಂದು ಮೇಜಿನ ಗಡಿಯಾರ ತಂದಿದ್ದರು. ಯಾರೋ ಟೀಚರಮ್ಮ ರಿಪೇರಿಗೆ ಕೊಟ್ಟದ್ದಂತೆ, ಒಡೆದುಹಾಕುತ್ತಾರೆ ಅಂತ ತಂದರಂತೆ! ವ್ಯಾನು ಸೇತುವೆಯ ನಡುವೆ ನಿಂತಿದೆ. ತೋಳುಪಟ್ಟಿಯವನು ಹಿಂದೆ ಬಂದು ಮುದ್ರೆ ಮುಟ್ಟಿ ನೋಡುತ್ತಿದ್ದಾನೆ. ಸರಿಯಾಗಿ ಏಳು ಗಂಟೆ! ಮಾವನ ಎದೆಯೊಳಗಿಂದ ಢಣ್! ಮಾವ ಅದನ್ನು ಅಪ್ಪಿ ಹಿಡಿದು ಚೀಲಗಳ ಕೆಳಗೆ ಮಲಗಿಬಿಟ್ಟರಂತೆ. ದಪ್ಪಣ್ಣ ಜಾಣ ಕಣೋ, ಹಾರನ್ನು ಒತ್ತಿದವನು ಬಿಡಲೇ ಇಲ್ಲ. ‘ದಾರಿ ಬಿಡ್ರೋ, ಟೈಮಾಯ್ತು!’ ಅಂತ ಏಳೂ ಹೊಡೆದು ಮುಗಿಯುವವರೆಗೂ ಬೊಬ್ಬೆ ಹೊಡೆದ. ಬಿಟ್ಟರು! ಮಾವ ಇದನ್ನು ದಿನಕ್ಕೆ ಮೂರು ಸಲ ಹೇಳುತ್ತಾರೆ, ಹೇಳುವಾಗಲೆಲ್ಲ ಏಳು ಸಲ ಢಣ್ ಅನ್ನುತ್ತಾರೆ. ಹೊಳಪು ವಿಭಾಗದವರು ಮನೆಗೇ ಬಂದು ಕೇಳಿಕೊಂಡು ಹೋದರು.

ಈಗ ಇನ್ನೊಂದು ಮಾತು. ಅವರ ಕನ್ನಡಕ ಅಂಗಡಿಯಲ್ಲೇ ಪುಡಿಯಾಯಿತು. ಹೊಸದಕ್ಕೆ ಗಾಜು ಉಜ್ಜುತ್ತಿದ್ದೇನೆ. ಅಲ್ಲಿಯವರೆಗೆ ನಿನ್ನ ಕಾಗದವನ್ನು ನಾನೇ ಓದಿ ಹೇಳಬೇಕು. ಓದು ಅಂದರು, ಓದಿದೆ. ಎಷ್ಟೋ ಸಾಲು ನುಂಗಿದೆ. ಮುಗಿಸಿದ ಮೇಲೆ ಅವರು ಕಣ್ಣೊರೆಸಿಕೊಂಡು ನಿನ್ನ ಭಾವನಿಗೆ, ‘ನೋಡೋ, ಹೊಟ್ಟೇಲಿ ಹುಟ್ಟಿದ ನೀನು ಮಾಡ್ದೇ ಇರೋದನ್ನ ಆ ಹುಡುಗ ಮಾಡ್ದ. ದೇವರಂಥವನು’ ಅಂದರು. ಬಂದವರಿಗೆಲ್ಲ ಹೇಳುತ್ತಾರೆ, ದೇವರಂಥವನು ಅಂತ. ಭಾವನೂ ತಲೆಯಾಡಿಸುತ್ತಾರೆ. ನಾನು ಎದ್ದು ಒಳಗೆ ಹೋಗುತ್ತೇನೆ.

ನನ್ನ ಕೈಯಲ್ಲಿ ಇದಾಗುವುದಿಲ್ಲ ತಮ್ಮಾ. ನೀನು ಅವರನ್ನು ಉಳಿಸಿದವನು, ಅದು ಸುಳ್ಳಲ್ಲ. ಆದರೆ ಅರ್ಧ ಓದಿದ ಕಾಗದವನ್ನು ಇಟ್ಟುಕೊಂಡು ನಾನು ಅವರಿಗೆ ಎಷ್ಟು ದಿನ ಊಟ ಬಡಿಸಲಿ? ನಾನು ಹೇಳುವುದಿಲ್ಲ, ಕಾಲಿಗೆ ಬಿದ್ದಿದ್ದೀಯ. ನೀನೇ ಹೇಳಬೇಕು. ಒಂದನೇ ತಾರೀಖಿನಿಂದ ನದಿಯಾಚೆಗೆ ಟಪಾಲು ನಿಲ್ಲುತ್ತದೆ ಅಂತ ಪೇಪರಿನಲ್ಲಿದೆ. ನೀನೂ ಹೊರಟು ಬಾ. ಬರುವುದಿಲ್ಲ ಅಂದರೂ ಅದಕ್ಕೆ ಮೊದಲು ಬರೆ.

ಅಕ್ಕ

ಜುಲೈ 30

ಅಕ್ಕಾ,

ಟಪಾಲು ನಿಲ್ಲುವ ಮೊದಲಿನ ಕೊನೆಯ ಕಾಗದ ಇದು, ದಪ್ಪಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ಇದನ್ನು ಮಾವನ ಮುಂದೆ ಕೂತು ಗಟ್ಟಿಯಾಗಿ ಓದು, ಭಾವನೂ ಇರಲಿ. ಒಂದು ಸಾಲೂ ನುಂಗಬೇಡ.

ಮಾವಾ, ನಿಮ್ಮ ಪಾದಕ್ಕೆ ನಮಸ್ಕಾರ. ನಿಮ್ಮ ಬಾಗಿಲಿಗೆ ಏಳು ಅಂತ ಬರೆಯುವ ಹಾಗೆ ಮಾಡಿದವನು ನಾನು. ಹತ್ತೊಂಬತ್ತು ಮನೆಗಳ ಪಟ್ಟಿ ನನ್ನದು. ಹೆದರಿಸಿ ಬರೆಸಲಿಲ್ಲ, ಹೊಗಳಿ ಬರೆಸಿದರು. ನಾನು ಖುಷಿಯಾಗಿ ಬರೆದೆ, ಬರೆದು ಮುಗಿಸಿದಾಗ ಚಪ್ಪಾಳೆ ಬಿತ್ತು, ನನಗೆ ಇನ್ನೂ ಬರೆಯೋಣ ಅನ್ನಿಸಿತು. ನಿಮ್ಮನ್ನು ವ್ಯಾನು ಹತ್ತಿಸಿದ್ದು ಪುಣ್ಯದ ಕೆಲಸವಲ್ಲ, ನಾನು ಚೆಲ್ಲಿದ್ದನ್ನು ಒಂದು ಹಿಡಿ ಬಾಚಿಕೊಂಡದ್ದು. ನನ್ನನ್ನು ದೇವರಂಥವನು ಅನ್ನಬೇಡಿ ಮಾವಾ. ಬೈಯಿರಿ, ಅಕ್ಕ ಬರೆದಿಟ್ಟುಕೊಳ್ಳಲಿ, ಟಪಾಲು ಮತ್ತೆ ಶುರುವಾದ ದಿನ ಕಳಿಸಲಿ.

ಅಕ್ಕಾ, ನಾನು ಈಗ ಬರುವುದಿಲ್ಲ. ಹತ್ತೊಂಬತ್ತರಲ್ಲಿ ಹನ್ನೊಂದು ಬಾಗಿಲಿಗೆ ಬೀಗ ಬಿದ್ದಿದೆ, ಮಾವ ಒಬ್ಬರನ್ನು ಬಿಟ್ಟರೆ ಮಿಕ್ಕವರು ಎಲ್ಲಿಗೆ ಹೋದರೋ ಗೊತ್ತಿಲ್ಲ. ಉಳಿದದ್ದು ಎಂಟು. ದಪ್ಪಣ್ಣ ನಾಳೆಯವರೆಗೂ ವ್ಯಾನು ಓಡಿಸುತ್ತಾನೆ, ಎರಡು ಟ್ರಿಪ್ಪಿಗೆ ಒಪ್ಪಿದ್ದಾನೆ! ಪೋಸ್ಟ್‌ಮಾಸ್ಟರಮ್ಮ ಅರಗು ಹೆಚ್ಚಿಗೆ ತರಿಸಿದ್ದಾರೆ! ಎಂಟೂ ಮನೆಯವರು ಹಿಡಿಸುತ್ತಾರೆ, ಚೀಲ ಹೊರಗೆ ಉಳಿದರೂ ಚಿಂತೆಯಿಲ್ಲ. ಆದರೆ ಹತ್ತಿ ಅಂತ ಹೇಳುವ ಮೊದಲು, ಪಟ್ಟಿ ಯಾರದು ಅಂತ ಪ್ರತಿ ಬಾಗಿಲಲ್ಲೂ ಹೇಳಬೇಕು ಅಂತ ತೀರ್ಮಾನ ಮಾಡಿದ್ದೇನೆ. ತೋಳುಪಟ್ಟಿ ಒಲೆಗೆ ಹಾಕಿದೆ. ಇದೆಲ್ಲ ಗಂಟಲಣ್ಣನ ಕಿವಿಗೆ ಬೀಳುವುದಕ್ಕೆ ಎಷ್ಟು ಹೊತ್ತು ಬೇಕು! ಬೀಳಲಿ.

ಮೊದಲ ಬಾಗಿಲು ಈಗಷ್ಟೇ ಮುಗಿಸಿ ಬಂದೆ. ಕೊಡೆ ರಿಪೇರಿಯವರ ಮನೆ, ಹಿರಿಯಮ್ಮ ಒಬ್ಬರೇ ಇದ್ದರು, ಮಗ ನಿಮ್ಮ ಕಡೆ ಇದ್ದಾನೆ. ಹೊಸ್ತಿಲ ಹೊರಗೆ ನಿಂತು ಎಲ್ಲ ಹೇಳಿದೆ. ಅವರು ನನ್ನ ಮುಖ ನೋಡುತ್ತಲೇ ಬಾಗಿಲು ಹಾಕಿಕೊಂಡರು. ನಾನು ಅಲ್ಲೇ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ಒಂದು ಗೇಣು ತೆರೆಯಿತು.

‘ಮಗನ ಕಾಗದ ಏನಾದ್ರೂ ಬಂದಿದೆಯೇನಪ್ಪಾ?’ ಅಂದರು.

‘ಇಲ್ಲಮ್ಮಾ’ ಅಂದೆ.

ನಿನ್ನ ತಮ್ಮ